26 ಸಲ ಪೊಲೀಸ್ ಓಟ: ಬೆಳಗಾವಿ ಸೀಮೆಯ ಚೌಗುಲೆ ಕಥೆ

ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿ ಕರೆದರೆಂದರೆ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ರಸ್ತೆಗಳಲ್ಲಿ ನಸುಕಿನಲ್ಲೇ ಓಟ ಶುರುವಾಗುತ್ತದೆ. ಹುಡುಗರಿಗೆ 1600 ಮೀಟರ್. 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಒಬ್ಬ ಮೊಬೈಲ್ ಹಿಡಿದು ಟೈಮ್ ನೋಡುತ್ತಾನೆ, ಉಳಿದವರು ಓಡುತ್ತಾರೆ. ಕೊನೆಯ 200 ಮೀಟರ್ ಎಷ್ಟು ಕಷ್ಟ ಎಂಬುದು ಓಡಿದವರಿಗೇ ಗೊತ್ತು.

ಈಗ ಅದೇ 1600 ಮೀಟರನ್ನು ಅದಕ್ಕಿಂತ ತುಸು ಬೇಗನೇ ಮುಗಿಸಿ, ನಿಲ್ಲದೆ ಮತ್ತೆ ಮತ್ತೆ ಓಡಬೇಕು ಎಂದುಕೊಳ್ಳಿ. ಒಂದರ ಹಿಂದೊಂದು 26 ಸಲ, ಆಮೇಲೆ ಇನ್ನೂ ಒಂದು ಕಿಲೋಮೀಟರ್. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ಬೆಳಗಾವಿ ಸೀಮೆಯವರೊಬ್ಬರು ಯುರೋಪಿಗೆ ಹೋಗಿ ಹಾಗೆ ಓಡಿ ಬಂದರು. ಅವರ ಹೆಸರು ಫಡೆಪ್ಪ ದಾರೆಪ್ಪ ಚೌಗುಲೆ. ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ತಂಡದಲ್ಲಿ ಅವರಿದ್ದರು.

ಅವರ ಓಟದ ಕಥೆ ಶುರುವಾಗುವುದು ಪುಣೆಯಲ್ಲಿ. ಅಲ್ಲಿ 1906ರಲ್ಲಿ ಡೆಕ್ಕನ್ ಜಿಮಖಾನಾ ಎಂಬ ಕ್ರೀಡಾ ಸಂಸ್ಥೆ ಶುರುವಾಗಿತ್ತು. 1919ರ ಹೊತ್ತಿಗೆ ಅದಕ್ಕೆ ಉದ್ಯಮಿ ದೊರಾಬ್ಜಿ ಟಾಟಾ ಅಧ್ಯಕ್ಷರು. ಸಂಸ್ಥೆಯ ಓಟದ ಸ್ಪರ್ಧೆಯಲ್ಲಿ ಕಂಡದ್ದನ್ನು ಅವರು ಮುಂದೆ 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ.

ಓಡಲು ಬಂದವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಉಣ್ಣುತ್ತಿದ್ದದ್ದು ಬಡವರ ಊಟ. ತರಬೇತಿ ಎಂದರೇನು, ಓಟದ ನಿಯಮ ಎಂದರೇನು, ಯಾರಿಗೂ ಗೊತ್ತಿರಲಿಲ್ಲ. ನಡೆಸುವವರಿಗೂ ಅಷ್ಟೇ. ಮೈದಾನ ಸಣ್ಣದು, ನೆಲ ಉಬ್ಬುತಗ್ಗು. 100 ಗಜದ ಓಟವನ್ನು ನೇರ ದಾರಿಯಲ್ಲಿ ಓಡಿಸಬೇಕೆನ್ನುವುದೂ ತಿಳಿಯದೆ ತಿರುವಿನಲ್ಲೇ ಓಡಿಸಲು ಹೊರಟಿದ್ದರು. ಆ ದಿನದ ದೊಡ್ಡ ಸ್ಪರ್ಧೆ ಸುಮಾರು 25 ಮೈಲಿ, ಅಂದರೆ 40 ಕಿಲೋಮೀಟರ್ ಓಟ. ಜಲ್ಲಿ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿ ರೂಢಿಯಾದ ಹುಡುಗರು ಅದನ್ನು ಮುಗಿಸಿದರು. ಗಡಿಯಾರ ನೋಡಿದ ಟಾಟಾ ಅವರಿಗೆ ಆಶ್ಚರ್ಯ. ಮೊದಲು ಬಂದವರ ಸಮಯ ಹೊರದೇಶದ ಓಟಗಾರರ ಸಮಯದಿಂದ ಬಹಳ ದೂರವೇನೂ ಇರಲಿಲ್ಲ.

ಇಂಥ ಓಟಗಾರರಿಗೆ ಒಳ್ಳೆಯ ಊಟ, ತರಬೇತಿ ಕೊಟ್ಟರೆ ಒಲಿಂಪಿಕ್ಸ್‌ನಲ್ಲೇ ಓಡಬಲ್ಲರು ಎಂದು ಟಾಟಾ ಅವರಿಗೆ ಅನಿಸಿತು. ಮುಂಬೈ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವು ಕೇಳಿದರು. ಭಾರತ ಆಗ ಬ್ರಿಟಿಷರ ಕೈಯಲ್ಲಿತ್ತು, ನಮ್ಮದೇ ಒಲಿಂಪಿಕ್ ಸಂಸ್ಥೆಯೂ ಇರಲಿಲ್ಲ. ಆದರೂ ಅನುಮತಿ ಸಿಕ್ಕಿತು. ಟಾಟಾ ತಮ್ಮ ಕೈಯಿಂದಲೂ ಹಣ ಹಾಕಿದರು. ಕೊನೆಗೆ ಹೋದವರು ಆರು ಜನ. ನಾಲ್ವರು ಓಟಗಾರರು: ಬ್ಯಾನರ್ಜಿ, ಚೌಗುಲೆ, ದಾತಾರ್, ಕೈಕಾಡಿ. ಇಬ್ಬರು ಪೈಲ್ವಾನರು: ನವಲೆ ಮತ್ತು ಶಿಂಧೆ. ಅದಕ್ಕೂ ಮೊದಲು 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಲ್ಕತ್ತೆಯ ನಾರ್ಮನ್ ಪ್ರಿಚರ್ಡ್ ಒಬ್ಬರೇ ಓಡಿದ್ದರು. ತಂಡ ಅಂತ ಹೋದದ್ದು ಇದೇ ಮೊದಲು.

ಸ್ಪರ್ಧೆ ನಡೆದದ್ದು ಬೆಲ್ಜಿಯಂ ದೇಶದ ಆಂಟ್‌ವರ್ಪ್ ಊರಲ್ಲಿ. 1920ರ ಆಗಸ್ಟ್ 22ರಂದು ಮ್ಯಾರಥಾನ್. ಈಗ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಅವತ್ತಿನ ದಾರಿ ಇನ್ನೂ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಉದ್ದ, 42.75 ಕಿಲೋಮೀಟರ್. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಹೊಸಪೇಟೆಯಿಂದ ಕಂಪ್ಲಿವರೆಗೆ ಓಡಿ, ಅದರ ಮೇಲೆ ಹೊಸಪೇಟೆಯಿಂದ ಹಂಪಿಗೆ ಹೋಗುವಷ್ಟು ದೂರ ಮತ್ತೆ ಓಡಿದ ಹಾಗೆ.

ಓಟಕ್ಕೆ ನಿಂತವರು 48 ಜನ, ಮುಗಿಸಿದವರು 35. ನಮ್ಮ ದಾತಾರ್ ಅವರಿಗೂ ಮುಗಿಸಲಾಗಲಿಲ್ಲ. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ತಾಸು 32 ನಿಮಿಷ 35 ಸೆಕೆಂಡಿಗೆ ಬಂದು ಚಿನ್ನ ಗೆದ್ದರು. ಚೌಗುಲೆ 2 ತಾಸು 50 ನಿಮಿಷ 45 ಸೆಕೆಂಡಿಗೆ ಬಂದರು. 19ನೆಯ ಸ್ಥಾನ. ಒಂದು ಕಿಲೋಮೀಟರಿಗೆ ಸರಾಸರಿ 4 ನಿಮಿಷ. ಪೊಲೀಸ್ ಓಟದ ಲೆಕ್ಕ ಹಾಕಿದರೆ 1600 ಮೀಟರಿಗೆ ಸುಮಾರು 6 ನಿಮಿಷ 24 ಸೆಕೆಂಡು.

ಪದಕ ಬರಲಿಲ್ಲ ನಿಜ. ಕುಸ್ತಿಯಲ್ಲಿ ಶಿಂಧೆ ನಾಲ್ಕನೆಯವರಾಗಿ ಪದಕಕ್ಕೆ ಒಂದೇ ಹೆಜ್ಜೆ ಹಿಂದೆ ಉಳಿದರು. ಆದರೆ ಈ ಆರು ಜನ ಹೋಗಿ ಬಂದ ಮೇಲೆ ದಾರಿ ತೆರೆಯಿತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ದೇಶದ ಬೇರೆ ಬೇರೆ ಪ್ರಾಂತ್ಯಗಳಿಂದ ಆಯ್ಕೆ ನಡೆಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು. ಟಾಟಾ ಅವರೇ ಅದರ ಮೊದಲ ಅಧ್ಯಕ್ಷರು.

ಇಲ್ಲಿ ನಮ್ಮನ್ನು ಕಾಡುವ ಪ್ರಶ್ನೆ ಒಂದಿದೆ. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು, ಪುಣೆಗೆ ರೈಲೂ ಇತ್ತು. ಹೊಸಪೇಟೆ, ಹಂಪಿ, ಕಂಪ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಅದೇ ವರ್ಷ ಕಂಪ್ಲಿಯ ಗದ್ದೆಯಲ್ಲಿ ಚೌಗುಲೆ ಅವರಷ್ಟೇ ಜೋರಾಗಿ ಓಡುವ ಹುಡುಗನೊಬ್ಬ ಇದ್ದಿದ್ದರೆ ಅವನನ್ನು ಯಾರು ನೋಡುತ್ತಿದ್ದರು? ಗಡಿಯಾರ ಹಿಡಿದು ನಿಲ್ಲುವವರು ಇಲ್ಲದ ಊರಲ್ಲಿ ಓಟಗಾರ ಹುಟ್ಟಿದ್ದೂ ಲೆಕ್ಕಕ್ಕೆ ಬರುವುದಿಲ್ಲ, ಮರೆಯಾದದ್ದೂ ಲೆಕ್ಕಕ್ಕೆ ಬರುವುದಿಲ್ಲ.

ಹಂಪಿಯ ಮಹಾನವಮಿ ದಿಬ್ಬಕ್ಕೆ ಹೋದಾಗ ಗೋಡೆಯ ಕಲ್ಲುಗಳನ್ನು ನೋಡಿ. ಕುಸ್ತಿ ಹಿಡಿದವರಿದ್ದಾರೆ, ಬೇಟೆಯಾಡುವವರಿದ್ದಾರೆ, ಕುಣಿಯುವವರಿದ್ದಾರೆ. ಮೈಕಟ್ಟು ಕಾಣುತ್ತದೆ, ಹೆಸರು ಕಾಣುವುದಿಲ್ಲ. ಚೌಗುಲೆ ಹೆಸರು ಉಳಿದದ್ದು ಅವರ ಸಮಯವನ್ನು ಯಾರೋ ಬರೆದಿಟ್ಟರು ಎಂಬ ಒಂದೇ ಕಾರಣಕ್ಕೆ.

ಈಗ ನಮ್ಮ ಕಡೆಯ ಸ್ಥಿತಿ ಬೇರೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲೇ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ಒಲಿಂಪಿಕ್ಸ್ ಚಿನ್ನ ಗೆದ್ದ ನೀರಜ್ ಚೋಪ್ರಾ ಅಲ್ಲಿ ತರಬೇತಿ ಪಡೆದಿದ್ದಾರೆ. ಒಳ್ಳೆಯ ಮೈದಾನ, ಕೋಚ್, ವೈದ್ಯರು ಎಲ್ಲ ಬಸ್ಸಿನ ದೂರದಲ್ಲಿದ್ದಾರೆ. ಆದರೆ ಊರಿನ ಶಾಲೆಗೂ ಆ ಗೇಟಿಗೂ ನಡುವೆ ಒಬ್ಬರು ಬೇಕು. ಈ ಹುಡುಗಿ ಜೋರಾಗಿ ಓಡುತ್ತಾಳೆ ಎಂದು ಗುರುತಿಸಿ, ಸಮಯ ಬರೆದು, ಅಪ್ಪ ಅಮ್ಮನ ಜೊತೆ ಮಾತಾಡುವವರು. ಅದು ಪಿಟಿ ಮೇಷ್ಟ್ರಾಗಬಹುದು, ಅಂಗನವಾಡಿ ಟೀಚರ್ ಆಗಬಹುದು, ಊರಿನ ಅಣ್ಣನೂ ಆಗಬಹುದು.

ಹೋಬಳಿ ಮಟ್ಟದ ಓಟದಲ್ಲಿ ಮೊದಲು ಬಂದ ಮಕ್ಕಳಿಗೆ ಸರ್ಟಿಫಿಕೇಟ್ ಸಿಗುತ್ತದೆ. ಅದರಲ್ಲಿ ಸ್ಥಾನ ಇರುತ್ತದೆ, ಎಷ್ಟು ಸೆಕೆಂಡಿಗೆ ಓಡಿದರು ಎಂಬುದು ಬಹಳ ಸಲ ಇರುವುದಿಲ್ಲ. ಮುಂದಿನ ಸಲ ನಿಮ್ಮೂರ ಮಕ್ಕಳು ಓಡುವಾಗ ನಿಮ್ಮ ಫೋನಿನ ಸ್ಟಾಪ್‌ವಾಚ್ ತೆಗೆಯಿರಿ. ಹೆಸರು, ದೂರ, ಸಮಯ, ತಾರೀಖು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.