ಅಹಿಫೇನದ ಬೀಗ

ಅಫೀಮನ್ನು ನಮ್ಮ ಹಳೆಯ ವೈದ್ಯಗ್ರಂಥಗಳು ಅಹಿಫೇನವೆಂದು ಕರೆದಿವೆ. ಹಾವಿನ ನೊರೆ ಎಂದರ್ಥ. ಅರಬ್ಬರ ‘ಅಫ್ಯೂನ್’ ಎಂಬ ಮಾತನ್ನು ಹೀಗೆ ಸಂಸ್ಕೃತದ ಅಚ್ಚಿಗೆ ಹೊಯ್ದವನು ಯಾರೋ ರಸಿಕನೇ ಇರಬೇಕು. ಔಷಧವೂ ವಿಷವೂ ಆದ ವಸ್ತುವಿಗೆ ಇದಕ್ಕಿಂತ ತಕ್ಕ ಹೆಸರು ದೊರೆಯದು.

ಇದಕ್ಕೆ ಸರ್ಕಾರ ಬೀಗ ಹಾಕಿದ ಕಥೆ ದೊಡ್ಡದು. 1878ರ ಅಫೀಮು ಕಾಯಿದೆಯ ಕಣ್ಣು ಬಹುಮಟ್ಟಿಗೆ ಬೊಕ್ಕಸದ ಮೇಲಿತ್ತು. 1925ರ ಜಿನೀವಾ ಒಪ್ಪಂದದ ಬಳಿಕ, 1930ರ ಅಪಾಯಕರ ಔಷಧಗಳ ಕಾಯಿದೆ ಮಾರ್ಫಿನ್ ಮೊದಲಾದವನ್ನು ಹಿಡಿತಕ್ಕೆ ತಂದಿತು. ಅದು ಬ್ರಿಟಿಷ್ ಇಂಡಿಯಾದ ಮಾತು. ನಮ್ಮ ಚಿತ್ರದುರ್ಗವಾದರೋ ಮೈಸೂರು ಸಂಸ್ಥಾನದ ಜಿಲ್ಲೆ. ಈ ಕಾಯಿದೆಗಳು ಹಳೆಯ ಸಂಸ್ಥಾನಗಳಿಗೂ ವಿಸ್ತರಿಸಿದ್ದು 1950ರಲ್ಲಿ.

ಬೀಗ ನಿಜವಾಗಿ ಬಿಗಿಯಾದದ್ದು 1985ರ ಮಾದಕ ದ್ರವ್ಯಗಳ ಕಾಯಿದೆಯಿಂದ. ಬಹುತೇಕ ಅಪರಾಧಗಳಿಗೆ ಆಗ ಕನಿಷ್ಠ 10 ವರ್ಷದ ಸೆರೆವಾಸ. ಕಳ್ಳಸಾಗಣೆಗಾರನಿಗೆಂದು ಬೀಸಿದ ಬಲೆಯಲ್ಲಿ ರೋಗಿಯೂ ಸಿಕ್ಕಿಬಿದ್ದ. ಆಸ್ಪತ್ರೆಯೊಂದು ಸ್ವಲ್ಪ ಮಾರ್ಫಿನ್ ತರಿಸಬೇಕಾದರೂ ನಾಲ್ಕೈದು ಲೈಸೆನ್ಸು. ಕೊನೆಯದು ಕೈಸೇರುವ ಹೊತ್ತಿಗೆ ಮೊದಲನೆಯದರ ವಾಯಿದೆ ತೀರಿರುವುದೂ ಉಂಟು. ದೇಶದಲ್ಲಿ ಔಷಧವಾಗಿ ಬಳಕೆಯಾಗುತ್ತಿದ್ದ ಮಾರ್ಫಿನ್ ನೂರಕ್ಕೆ 97ರಷ್ಟು ಕುಸಿದು, 1997ರಲ್ಲಿ 18 ಕಿಲೋಗ್ರಾಮಿಗೆ ಬಂದಿತು. ಅಫೀಮು ಬೆಳೆದು ಪರದೇಶಗಳಿಗೆ ಕಳಿಸುವ ದೇಶದ ಲೆಕ್ಕವಿದು! ಬೀಗವೇ ಬೇಡವೆನ್ನುವವರ ಪೈಕಿ ನಾನಲ್ಲ. ಆದರೆ ಕಳ್ಳನಿಗೆ ಹೆದರಿ ಮನೆಯವರನ್ನೇ ಹೊರಗಿಟ್ಟಂತಾಯಿತು.

2014ರ ತಿದ್ದುಪಡಿ ಈ ಗಂಟನ್ನು ಸಡಿಲಿಸಿತು. ಮಾರ್ಫಿನ್, ಫೆಂಟನಿಲ್ ಸೇರಿ 6 ಔಷಧಗಳು ‘ಅವಶ್ಯಕ’ವೆನಿಸಿದವು, 2015ರ ನಿಯಮಗಳಂತೆ ರಾಜ್ಯದ ಔಷಧ ನಿಯಂತ್ರಕರ ಮನ್ನಣೆಯೊಂದೇ ಸಾಕು. ಮನ್ನಣೆ ಪಡೆದ ಆಸ್ಪತ್ರೆ ಬಂದದ್ದು, ಖರ್ಚಾದದ್ದು, ಉಳಿದದ್ದು ಎಲ್ಲಕ್ಕೂ ಲೆಕ್ಕವಿಡಬೇಕು.

ಇಷ್ಟೆಲ್ಲ ಆಸ್ಪತ್ರೆಯ ಬಾಗಿಲಿನೊಳಗಿನ ಮಾತು. ಬಾಗಿಲಿನಾಚೆ? 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ ಮೊದಲಾಯಿತು. ಹಿರಿಯೂರಿನ ಬಳಿ ಹೆದ್ದಾರಿಯಲ್ಲಿ ತೊಡೆಯ ಮೂಳೆ ಮುರಿದವನು ಜಿಲ್ಲಾಸ್ಪತ್ರೆಗೆ ಸುಮಾರು 40 ಕಿಲೋಮೀಟರ್ ಬರಬೇಕು. ಹೊಳಲ್ಕೆರೆಯಿಂದಲೂ ದಾರಿ ಹೆಚ್ಚುಕಡಿಮೆ ಅಷ್ಟೇ; ಹೊಸದುರ್ಗದ ಕಡೆಯವನಿಗೆ ಇನ್ನೂ ದೂರ. ರಸ್ತೆಯ ಒಂದೊಂದು ಕುಲುಕಿಗೂ ಮುರಿದ ಮೂಳೆ ಏನು ಮಾಡುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಸಾಮಾನ್ಯವಾಗಿ ಅವನ ಪಕ್ಕದಲ್ಲಿ ಕುಳಿತವನು ತಂತ್ರಜ್ಞ, ವೈದ್ಯನಲ್ಲ. ನಿಯಮ ಬಲ್ಲುದು ಆಸ್ಪತ್ರೆಯನ್ನು, ವೈದ್ಯನನ್ನು. ಓಡುವ ಗಾಡಿಯ ಪೆಟ್ಟಿಗೆಯ ಕೀಲಿ ಯಾರಲ್ಲಿರಬೇಕು, ಒಡೆದ ಆಂಪೂಲಿನಲ್ಲಿ ಮಿಕ್ಕ ಅರ್ಧವನ್ನು ಯಾರ ಸಾಕ್ಷಿಯಲ್ಲಿ ಚೆಲ್ಲಬೇಕು ಎಂಬುದಕ್ಕೆ ಪ್ರತ್ಯೇಕ ಅಧ್ಯಾಯ ಅದರಲ್ಲಿಲ್ಲ.

ಅಮೆರಿಕದಲ್ಲಿಯೂ ಇಂಥದೇ ತೊಡಕಿತ್ತು. 2017ರಲ್ಲಿ ಅಲ್ಲಿಯವರು ಕಾಯಿದೆ ಮಾಡಿ, ಆಂಬುಲೆನ್ಸ್ ಸಂಸ್ಥೆಯೇ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಳ್ಳಲು, ವೈದ್ಯರು ಮೊದಲೇ ಬರೆದಿಟ್ಟ ಆದೇಶದಂತೆ ಸಿಬ್ಬಂದಿ ಮದ್ದು ಕೊಡಲು ಅವಕಾಶವಿತ್ತರು. ಲೆಕ್ಕಪತ್ರದ ಬಿಗಿ ಹಾಗೆಯೇ ಉಳಿಯಿತು. ನಮ್ಮಲ್ಲಿ 2021ರ ಸಹವೈದ್ಯಕೀಯ ವೃತ್ತಿಗಳ ಕಾಯಿದೆ ತುರ್ತು ಸೇವೆಯ ತಂತ್ರಜ್ಞರನ್ನು ವೃತ್ತಿಯವರೆಂದು ಗುರುತಿಸಿದೆ. ಅವರ ಕೈಗೆ ಈ ಪೆಟ್ಟಿಗೆಯನ್ನು ಯಾವ ಷರತ್ತಿನ ಮೇಲೆ ಒಪ್ಪಿಸಬಹುದೆಂಬ ಮಾತು ಅದರಲ್ಲಿಲ್ಲ.