ಕಾಣದ ಕ್ಲಿಪ್ಪಿನ ಕಥಿ

ಹೋದ ತಿಂಗಳು ನನ್ನ ತಂಗಿ ಮಗಳು ಮನಿಗೆ ಬಂದಿದ್ಲು. ಚಾ, ಅವಲಕ್ಕಿ ಮುಂದಿಟ್ಟೆ. "ತಡೀ ಮೌಶಿ" ಅಂದಾಕಿನ ಬಾಯಾಗಿಂದ ಮ್ಯಾಲಿಂದೊಂದು, ಕೆಳಗಿಂದೊಂದು ತೆಳ್ಳನ ಪ್ಲಾಸ್ಟಿಕ್ ಅಚ್ಚು ತಗದು ಟಿಶ್ಯೂ ಪೇಪರಿನ್ಯಾಗ ಸುತ್ತಿಟ್ಲು. ಮಾತಿನ ಭರಾಟ್ಯಾಗ ತಾಟು ಎತ್ತುವಾಗ ನಾನ ಆ ಪೇಪರ್ ಕಸದ ಬುಟ್ಟಿಗೆ ಒಗದುಬಿಟ್ಟೆ. ಆಮ್ಯಾಲೆ ಇಬ್ಬರೂ ಕೂತು ಉಳ್ಳಾಗಡ್ಡಿ ಸಿಪ್ಪಿ, ಸೋಸಿದ ಚಾಪುಡಿ ನಡುವ ಹುಡುಕಿದ್ವಿ. ಸಿಕ್ಕವು. ಆದ್ರ ಹುಡುಕುವಾಗ ಆಕಿ ಹೇಳಿದ ಒಂದು ಮಾತು ನನ್ನ ನಿದ್ದಿ ಕೆಡಸ್ತು. "ಕೆಳಗಿನ ಮುಂದಿನ ಹಲ್ಲೊಂದು ಭಾಳ ಅಳ್ಳಾಡ್ಲಿಕತ್ತದ ಮೌಶಿ. ಅವ್ವಗ ಹೇಳಬ್ಯಾಡ." ಮಾಘದಾಗ ಆಕಿ ಮದವಿ.

ಯಾವ ಡಾಕ್ಟರ್ ಅಂತ ಕೇಳಿದ್ರ ಡಾಕ್ಟರೇ ಇಲ್ಲ! ಫೋನಿನ್ಯಾಗ ಆರ್ಡರ್ ಮಾಡಿ, ಕುರಿಯರ್‌ನ್ಯಾಗ ಬಂದ ಹಿಟ್ಟಿನಂಥಾದ್ದನ್ನ ಮನ್ಯಾಗ ಕಚ್ಚಿ ಅಚ್ಚು ಕಳಿಸ್ಯಾಳ. ತಿರುಗಿ 24 ಜೋಡಿ ಬಂದಾವ. ಎಕ್ಸ್‌ರೇ ಇಲ್ಲ, ಒಸಡು ಮುಟ್ಟಿ ನೋಡಿದವರಿಲ್ಲ. ನಿಶ್ಚಯದ ದಿನ ಗಂಡಿನ ಕಡೆಯವರು ಯಾರೋ ಹಲ್ಲಿನ ಮಾತು ತಗದಿದ್ರಂತ, ಅದಕ್ಕ ಇಷ್ಟು ಗಡಿಬಿಡಿ.

ಅವತ್ತಿನಿಂದ ಈ ಅಲೈನರ್ ಅನ್ನೋದು ಎಲ್ಲಿಂದ ಬಂತು ಅಂತ ಓದಲಿಕ್ಕೆ ಹತ್ತಿದೆ. ಓದಿದಷ್ಟೂ ಒಂದು ಮಾತು ಖಾತ್ರಿ ಆತು. ಇದರಿಂದ ಆಗೋ ತ್ರಾಸೆಲ್ಲಾ ಇದು ಹುಟ್ಟಿದ ಕಥ್ಯಾಗ ಮೊದಲ ಕೂತಾವ.

ಸೊಟ್ಟ ಹಲ್ಲು ನೆಟ್ಟಗ ಮಾಡೋ ಆಸೆ ಹಳೇದು. ಪ್ಯಾರಿಸ್ಸಿನ ಪಿಯರ್ ಫೋಶಾರ್ ಅನ್ನೋ ದಂತವೈದ್ಯ 1728ರ ತನ್ನ ಪುಸ್ತಕದಾಗ ಕುದರಿ ಲಾಳದ ಆಕಾರದ ಲೋಹದ ಪಟ್ಟಿ ಬಗ್ಗೆ ಬರದಾನ. ಹಲ್ಲನ್ನ ದಾರದಿಂದ ಆ ಪಟ್ಟಿಗೆ ಬಿಗಿದು ಕಟ್ಟೋದು. 1900ರ ಆಸುಪಾಸು ಅಮೆರಿಕಾದ ಎಡ್ವರ್ಡ್ ಆಂಗಲ್ ಇದಕ್ಕೊಂದು ಶಾಸ್ತ್ರ ಅಂತ ಮಾಡಿ ಶಾಲಿನೂ ತಗದ. ನಮ್ಮ ಓಣಿ ಹುಡುಗ್ಯಾರು ಹಾಕ್ಕೊಳ್ಳೋ ತಂತಿ ಕ್ಲಿಪ್ಪು ಅವನ ವಂಶದ್ದು.

ಕಾಣದ ಕ್ಲಿಪ್ಪಿನ ಮೂಲಪುರುಷ ಅಂದ್ರ ಹೆರಾಲ್ಡ್ ಕೆಸ್ಲಿಂಗ್. ಅಮೆರಿಕಾದ ಇಂಡಿಯಾನಾ ರಾಜ್ಯದಾಂವ. ಆಗಿನ ಕಾಲಕ್ಕ ಒಂದೊಂದು ಹಲ್ಲಿಗೂ ಸುತ್ತಲೂ ಲೋಹದ ಪಟ್ಟಿ ಹಾಕ್ತಿದ್ರು. ಅದನ್ನ ತಗದ ಮ್ಯಾಲೆ ಹಲ್ಲಿನ ನಡುವ ಸಣ್ಣ ಸಣ್ಣ ಸಂದಿ ಉಳೀತಿದ್ವು. ಕೆಸ್ಲಿಂಗ್ ಏನು ಮಾಡಿದ ಅಂದ್ರ, ಪ್ಲಾಸ್ಟರ್ ಅಚ್ಚಿನ್ಯಾಗಿನ ಹಲ್ಲುಗಳನ್ನ ಗರಗಸದಿಂದ ಬಿಡಿಸಿ, ಎಲ್ಲಿರಬೇಕೋ ಅಲ್ಲೆ ಮೇಣದಾಗ ಕೂಡಿಸಿ, ಅದರ ಮ್ಯಾಲೆ ರಬ್ಬರಿನ ಅಚ್ಚು ತಯಾರು ಮಾಡಿದ. ಅದನ್ನ ಕಚ್ಚಿಕೊಂಡಿದ್ರ ಹಲ್ಲು ತಮ್ಮ ಜಾಗಕ್ಕ ಸರೀತಿದ್ವು. 1945ರಾಗ ಈ ವಿಷಯ ಬರಿಯೋವಾಗ ಅಂವ ಇನ್ನೊಂದು ಮಾತೂ ಸೇರಿಸಿದ. ಮೇಣದಾಗಿನ ಹಲ್ಲು ಸ್ವಲ್ಪ ಸ್ವಲ್ಪ ಸರಿಸಿ ಒಂದರ ಹಿಂದ ಒಂದು ಅಚ್ಚು ಮಾಡ್ತಾ ಹೋದ್ರ ದೊಡ್ಡ ಸೊಟ್ಟನೂ ತಿದ್ದಬಹುದು, ಆದ್ರ ಸದ್ಯಕ್ಕ ಅದು ಆಗೋ ಮಾತಲ್ಲ ಅಂತ. ಖರೇನ, 20 ಅಚ್ಚಿಗೆ 20 ಸಲ ಕೈಯಿಂದ ಹಲ್ಲು ಕೊಯ್ದು ಕೂಡಿಸೋರು ಯಾರು?

ಆ "ಸ್ವಲ್ಪ ಸ್ವಲ್ಪ" ಅನ್ನೋದರಾಗ ಗುಟ್ಟೆಲ್ಲಾ ಅದ. ಹಲ್ಲು ಗ್ವಾಡಿಗೆ ಹೊಡದ ಮಳಿಯಂಗ ಎಲುಬಿನ್ಯಾಗ ಕೂತಿರೂದಿಲ್ಲ. ಒತ್ತಿದ ಕಡೆ ಎಲುಬು ಕರಗ್ತದ, ಬಿಟ್ಟ ಕಡೆ ಹೊಸಾದು ಕಟ್ಟಿಕೊಳ್ತದ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ಅನ್ನೋರು 1904ರಾಗ ನಾಯಿಗಳ ಹಲ್ಲು ಸರಿಸಿ ಇದನ್ನ ತೋರಿಸಿದ್ರು. ಈಗಿನ ಒಂದೊಂದು ಅಚ್ಚೂ ಹಲ್ಲನ್ನ ಸುಮಾರು ಕಾಲು ಮಿಲಿಮೀಟರ್ ಅಷ್ಟ ಸರಿಸ್ತದ. ಅದಕ್ಕ ದಿನಕ್ಕ 20ರಿಂದ 22 ತಾಸು ಹಾಕ್ಕೋಬೇಕು ಅಂತ ಹೇಳೋದು. ಹಾಕದ ದಿನ ಹಲ್ಲು ಹಿಂದ ಸರೀತದ, ಮುಂದಿನ ಅಚ್ಚು ಪೂರಾ ಕೂಡೂದಿಲ್ಲ, ಹಲ್ಲಿನ ತುದಿಗೂ ಪ್ಲಾಸ್ಟಿಕ್ಕಿಗೂ ನಡುವ ಸಂದಿ ಕಾಣ್ತದ. ಆಗ ಜೋರು ಮಾಡಿ ಮುಂದಿನ ನಂಬರಿಗೆ ಹೋಗಬಾರದು. ಅದನ್ನ ಇನ್ನಷ್ಟು ದಿನ ಹಾಕ್ಕೊಳ್ಳೋದೋ, ಹಿಂದಿನ ನಂಬರಿಗೆ ತಿರುಗೋದೋ ಅಂತ ಡಾಕ್ಟರನ್ನ ಕೇಳಬೇಕು. ನಮ್ಮಾಕಿ ಮದವಿ ಮುಂದದ ಅಂತ ಎರಡು ನಂಬರ್ ಹಾರಿಸಿದ್ಲು! ಮುಗದ ಅಚ್ಚು ಒಗೀಬ್ಯಾಡ್ರಿ, ಈಗಿಂದು ಕಳಕೊಂಡ್ರ ಅದ ಕೈ ಹಿಡೀತದ.

1964ರಾಗ ನ್ಯೂಯಾರ್ಕಿನ ಹೆನ್ರಿ ನಹೂಮ್ ಪ್ಲಾಸ್ಟಿಕ್ ಹಾಳಿ ಕಾಸಿ, ಗಾಳಿ ಎಳೆದು, ಅಚ್ಚಿಗೆ ಅಂಟೋ ಹಂಗ ಮಾಡೋ ರೀತಿ ತೋರಿಸಿದ. ಈಗಿನ ಅಲೈನರೂ ಹಂಗ ಕಾಸಿ ಮಾಡಿದ್ದ. ಕಾವಿಗೆ ಹುಟ್ಟಿದ್ದು ಕಾವಿಗೇ ಕೆಡ್ತದ. ಬಿಸಿನೀರಾಗ ತೊಳದ್ರ ಸೊಟ್ಟಾಗ್ತದ, ಬಾಯಾಗ ಇಟಗೊಂಡು ಸುಡು ಸುಡು ಚಾ ಕುಡದ್ರೂ ಅಷ್ಟ, ಮ್ಯಾಲೆ ಕಲಿ ಬೇರೆ. ತಣ್ಣೀರು, ಮೆತ್ತನ ಬ್ರಷ್ ಸಾಕು. ಸಿಹಿ ಚಾ ಒಳಗ ಹೊಕ್ಕರ ಹಲ್ಲು ಅದರಾಗ ನೆನದು ಹುಳುಕ್ತದ, ಅಲ್ಲೆ ಎಂಜಲಾ ಹೋಗಿ ತೊಳಿಯೂದಿಲ್ಲ. ಉಂಡ ಮ್ಯಾಲೆ ಹಲ್ಲು ತಿಕ್ಕದ ಹಾಕ್ಕೊಂಡ್ರೂ ಇದ ಗತಿ. ನಮ್ಮಂಗ ತಾಸಿಗೊಮ್ಮೆ ಚಾ ಬೇಕನ್ನೋರು ಮೊದಲ ವಿಚಾರ ಮಾಡ್ರಿ.

ಕೆಸ್ಲಿಂಗ್ ಕಂಡ ಕನಸು ಕೈಗೂಡಿದ್ದು ಕಂಪ್ಯೂಟರ್ ಬಂದ ಮ್ಯಾಲೆ. ಸ್ಟ್ಯಾನ್‌ಫರ್ಡ್‌ನ್ಯಾಗ ಓದ್ತಿದ್ದ ಜಿಯಾ ಚಿಶ್ತಿ ದೊಡ್ಡಾಂವ ಆದ ಮ್ಯಾಲೆ ತಂತಿ ಹಾಕಿಸಿಕೊಂಡು, ಕಡೀಕ ರಿಟೇನರ್ ಹಾಕ್ಕೊಂಡಿದ್ದ. ಕೆಲವು ದಿನ ಬಿಟ್ರ ಹಲ್ಲು ಸರೀತಿದ್ವು, ಮತ್ತ ಹಾಕಿದ್ರ ತಿರುಗಿ ಸಾಲಿಗೆ ಬರ್ತಿದ್ವು. ಇದನ್ನ ಹಿಡಕೊಂಡು ಅವನೂ ಕೆಲ್ಸಿ ವರ್ತ್ ಅನ್ನಾಕಿನೂ ಕೂಡಿ 1997ರಾಗ ಅಲೈನ್ ಟೆಕ್ನಾಲಜಿ ಕಂಪನಿ ಚಾಲೂ ಮಾಡಿದ್ರು. 1998ರಾಗ ಅಮೆರಿಕಾ ಸರಕಾರದ ಪರವಾನಗಿ, 1999ರಿಂದ ಇನ್‌ವಿಸಲೈನ್ ಮಾರಾಟ. ಹಲ್ಲಿನ ಚಿತ್ರ ಕಂಪ್ಯೂಟರಿನ್ಯಾಗ ಹಂತ ಹಂತವಾಗಿ ಸರಿಸಿ, ಹಂತಕ್ಕೊಂದು ಅಚ್ಚು ಮಷೀನಿನಿಂದ ತಗಿಯೋದು. ಮೊದಲಿಗೆ ಆ ಚಿತ್ರದ ಕೆಲಸ ಲಾಹೋರದಾಗ ನಡೀತಿತ್ತು, 2001ರ ನಂತರ ಕೋಸ್ಟಾರಿಕಾಕ್ಕ ಹೋತು. ಅಮೆರಿಕಾದವರ ಹಲ್ಲು ಮೊದಲು ಸಾಲಿಗೆ ನಿಂತಿದ್ದು ಲಾಹೋರದಾಗ, ನೋಡ್ರಿ!

ಚಿಶ್ತಿ ಕಂಡದ್ದು ಎರಡು ಬಾಯಿ ಕತ್ತಿ. ಸರಿದ ಹಲ್ಲು ಹಿಂದಕೂ ಸರೀತದ. ಅದಕ್ಕ ಎಲ್ಲಾ ಮುಗದ ಮ್ಯಾಲೂ ರಾತ್ರಿ ರಿಟೇನರ್ ಬಿಡಂಗಿಲ್ಲ. ಇದನ್ನ ಬಿಟ್ಟು ಮೂರು ವರ್ಷದಾಗ ಮತ್ತ ಸೊಟ್ಟ ಮಾಡಿಕೊಂಡವರು ನಮ್ಮ ಓಣ್ಯಾಗ ಇದ್ದಾರ, ಹೆಸರು ಹೇಳೂದಿಲ್ಲ. ಇನ್ನ ದುಂಡನ ಹಲ್ಲು ತಿರುಗಿಸಬೇಕಾದ್ರ ಪ್ಲಾಸ್ಟಿಕ್ ಜಾರ್ತದ. ಅದಕ್ಕ ಹಲ್ಲಿಗೆ ಹಲ್ಲಿನ ಬಣ್ಣದ ಸಣ್ಣ ಗುಬ್ಬಿ ಅಂಟಸ್ತಾರ. ಅದು ಕಿತ್ತರ ಸುಮ್ಮನಿರಬಾರದು.

ಕಡೀ ಅಧ್ಯಾಯ ಡಾಕ್ಟರನ್ನ ಬಿಟ್ಟದ್ದು. 2014ರಾಗ ಅಮೆರಿಕಾದಾಗ ಸ್ಮೈಲ್ ಡೈರೆಕ್ಟ್ ಕ್ಲಬ್ ಅಂತ ಕಂಪನಿ ಶುರು ಆತು. ಮನಿ ಬಾಗಿಲಿಗೇ ಅಲೈನರ್, ರೊಕ್ಕಾನೂ ಕಡಿಮಿ. 2023ರ ಡಿಸೆಂಬರ್‌ನ್ಯಾಗ ದಿವಾಳಿ ಎದ್ದು ಬಾಗಿಲಾ ಹಾಕ್ತು. ಅರ್ಧ ಸರಿದ ಹಲ್ಲು ಬಾಯಾಗಿಟಗೊಂಡು ಮಂದಿ ಕೂತ್ರು, ಕಂತಿನವರಿಗೆ ಕಂತು ಮಾತ್ರ ಕಟ್ಟಲಿಕ್ಕೇಬೇಕು ಅಂದ್ರು.

ನಮ್ಮಾಕಿನ್ನ ಮರುದಿನ ಹಲ್ಲಿನ ಡಾಕ್ಟರ್ ಕಡೆ ಕರಕೊಂಡು ಹೋದೆ. ಸರಿಯೋವಾಗ ಹಲ್ಲು ಸ್ವಲ್ಪ ಅಳ್ಳಾಡೋದು ಸಹಜ ಅಂತ, ಆದ್ರ ಇದು ಅದಲ್ಲ. ಎಕ್ಸ್‌ರೇದಾಗ ಆ ಹಲ್ಲಿನ ಸುತ್ತ ಎಲುಬು ಕಮ್ಮಿ ಆಗಿತ್ತು, ಒಸಡಿನ ಕೆಳಗ ಗಾರಿ ಗಟ್ಟಿಯಾಗಿ ಕೂತಿತ್ತು. ಬ್ಯಾನಿ ಇದ್ದ ಒಸಡಿನ ಹಲ್ಲು ಒತ್ತಿದ್ರ ಎಲುಬು ಕರಗ್ತದ, ಕಟ್ಟಿಕೊಳ್ಳೂದಿಲ್ಲ ಅಂದ್ರು ಡಾಕ್ಟರಬಾಯಿ. ಮುಂದಿನ ನಂಬರ್ ಬಂದ್, ಒಸಡು ಮೊದಲು, ಉಳಿದದ್ದು ಆಮ್ಯಾಲೆ. ಮದವಿ ಹೊತ್ತಿಗೆ ಸಾಲು ನೆಟ್ಟಗ ಆಗೂದಿಲ್ಲ. ಆಟೋದಾಗ ಹುಡುಗಿ ಅತ್ತಳು. ನಾನೂ ಉಬ್ಬಹಲ್ಲಿನಾಕಿನ, ನನ್ನ ಮದವಿ ಫೋಟೋದಾಗ ಒಂದರಾಗೂ ಬಾಯಿ ತಗದಿಲ್ಲ. ಏನು ಹೇಳಬೇಕು ತಿಳೀಲಿಲ್ಲ, ಕೈ ಹಿಡಕೊಂಡು ಕೂತೆ.

ಆಕಿ ಅವ್ವಗ ಇಬ್ಬರೂ ಕೂಡೇ ಹೇಳಿದ್ವಿ. ಬೈಲಿಲ್ಲ. "ಗಂಡಿನ ಮನಿಗೆ ನಾ ಫೋನ್ ಮಾಡ್ತೀನಿ" ಅಂದ್ಲು. ಈಗ ನಮ್ಮ ಮನಿ ಊಟದ ಟೇಬಲ್ ಮ್ಯಾಲೆ ಉಪ್ಪಿನಕಾಯಿ ಭರಣಿ ಬಾಜೂಕ ಆಕಿಗಂತ ಒಂದು ಕೆಂಪು ಡಬ್ಬಿ ಇಟ್ಟೀನಿ. ಟಿಶ್ಯೂ ಪೇಪರ್ ಮನ್ಯಾಗ ಬಂದ್.