ಹಂಡೆ ಎಷ್ಟು ದೊಡ್ಡದಿರಬೇಕು?

ಹಾಲು ಕಾಯಿಸುವಾಗ ಯಾರೂ ಪಾತ್ರೆಯನ್ನು ಕಂಠಮಟ್ಟ ತುಂಬುವುದಿಲ್ಲ. ಉಕ್ಕಿದರೆ ಒಲೆ ಆರುತ್ತದೆ, ಹಾಲೂ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕುದಿಸುವ ದ್ರವಕ್ಕಿಂತ ಪಾತ್ರೆ ಎಷ್ಟು ದೊಡ್ಡದಿರಬೇಕು? ಮನೆಯಲ್ಲೇ ಬಿಯರ್ ತಯಾರಿಸುತ್ತಿದ್ದ ಇಂಗ್ಲೆಂಡಿನ ಹಳ್ಳಿಗರಿಗೂ ಈ ಪ್ರಶ್ನೆ ಎದುರಾಗಿತ್ತು. ಇದರ ಚರಿತ್ರೆಯಲ್ಲಿ ಒಂದು ಸ್ವಾರಸ್ಯಕರ ಭೌತವಿಜ್ಞಾನದ ಪಾಠ ಅಡಗಿದೆ.

ಮೊದಲು ವಿಧಾನವನ್ನು ನೋಡೋಣ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ತರಿಯಾಗಿ ಒಡೆದು ಬಿಸಿನೀರಿನಲ್ಲಿ ನೆನೆಸುತ್ತಾರೆ. ಮೊಳಕೆಯಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಸಿಹಿಯಾದ ಈ ರಸವನ್ನು ಬಸಿದು, ಹಾಪ್ ಎಂಬ ಬಳ್ಳಿಯ ಹೂಗಳೊಡನೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ನಮ್ಮ ಪ್ರಶ್ನೆ ಇರುವುದು ಕುದಿಸುವ ಹಂತದಲ್ಲಿ.

ಇಂಗ್ಲೆಂಡಿಗೆ ಹಾಪ್ ಬಳಕೆ ಬಂದದ್ದು ಮುಖ್ಯವಾಗಿ 15ನೆಯ ಶತಮಾನದಲ್ಲಿ, ಈಗಿನ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಪ್ರದೇಶಗಳಿಂದ. ಅದಕ್ಕೂ ಮೊದಲು ಅಲ್ಲಿ ತಯಾರಾಗುತ್ತಿದ್ದ 'ಏಲ್' ಕೆಲವೇ ದಿನಗಳಲ್ಲಿ ಹುಳಿಯಾಗುತ್ತಿತ್ತು. ಅದನ್ನು ಹೆಚ್ಚಾಗಿ ಹೆಂಗಸರು ಮನೆಯ ಪಾತ್ರೆಗಳಲ್ಲೇ ತಯಾರಿಸಿ, ಮನೆಗೆ ಬಳಸಿ ಉಳಿದದ್ದನ್ನು ನೆರೆಹೊರೆಗೆ ಮಾರುತ್ತಿದ್ದರು. ಹಾಪ್‌ನಲ್ಲಿರುವ ಕಹಿ ಆಮ್ಲಗಳು ಬಿಯರನ್ನು ಕೆಡದಂತೆ ಕಾಯುತ್ತವೆ. ಆದರೆ ಅವು ರಸದಲ್ಲಿ ಕರಗುವ ರೂಪಕ್ಕೆ ಬದಲಾಗಲು ಸುಮಾರು ಒಂದು ಗಂಟೆಯಾದರೂ ಕುದಿಯಬೇಕು. ಅಂದರೆ ಹೆಚ್ಚು ಸೌದೆ, ದೊಡ್ಡ ಹಂಡೆ, ಹೆಚ್ಚು ಬಂಡವಾಳ. ಕೆಡದ ಬಿಯರನ್ನು ದೂರದ ಊರಿಗೂ ಸಾಗಿಸಬಹುದಾದ್ದರಿಂದ ದೊಡ್ಡದಾಗಿ ತಯಾರಿಸುವವನಿಗೇ ಲಾಭ. 1300ರಿಂದ 1600ರ ನಡುವೆ ಈ ಕಸುಬು ಹೆಂಗಸರ ಕೈತಪ್ಪಿದ ಬಗೆಯನ್ನು ಇತಿಹಾಸಕಾರ್ತಿ ಜುಡಿತ್ ಬೆನೆಟ್ 1996ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಹಂಡೆಯೊಂದೇ ಇದಕ್ಕೆ ಕಾರಣವಲ್ಲ, ನಿಜ. ಆದರೆ ಹಂಡೆ ಕೊಳ್ಳಲು ಹಣವಿಲ್ಲದವರು ಹೊರಗುಳಿದರು.

ಮುಂದೆ ಬಿಯರ್ ಕಾರ್ಖಾನೆಗಳ ಪಾತ್ರೆಗಳು ದೈತ್ಯಾಕಾರ ತಾಳಿದವು. 1814ರ ಅಕ್ಟೋಬರ್ 17ರಂದು ಲಂಡನ್ನಿನ ಹಾರ್ಸ್ ಶೂ ಕಾರ್ಖಾನೆಯಲ್ಲಿ 22 ಅಡಿ ಎತ್ತರದ ಸಂಗ್ರಹದ ತೊಟ್ಟಿಯೊಂದು ಒಡೆದು, ಹರಿದ ಬಿಯರಿನ ಪ್ರವಾಹಕ್ಕೆ ಎಂಟು ಜನ ಬಲಿಯಾದರು.

ಇದಾದ ಕೆಲವೇ ವರ್ಷಗಳಲ್ಲಿ, ಮನೆಯಲ್ಲೇ ಬಿಯರ್ ಮಾಡಿಕೊಳ್ಳಿ ಎಂದು ಬಡ ಕುಟುಂಬಗಳಿಗೆ ಹೇಳಲು ವಿಲಿಯಂ ಕಾಬೆಟ್ ಎಂಬ ಪತ್ರಕರ್ತ ಹೊರಟ. ಮಾಲ್ಟ್ ಮೇಲಿನ ತೆರಿಗೆಯನ್ನೂ ಚಹಾ ಕುಡಿಯುವ ಚಾಳಿಯನ್ನೂ ಒಂದೇ ಉಸಿರಿನಲ್ಲಿ ಬಯ್ಯುತ್ತಿದ್ದ ವ್ಯಕ್ತಿ ಅವನು. (ಚಹಾದ ಮೇಲಿನ ಅವನ ಸಿಟ್ಟನ್ನು ನಾವು ಒಪ್ಪಬೇಕಿಲ್ಲ.) 1821-22ರಲ್ಲಿ ಹೊರಬಂದ ಅವನ 'ಕಾಟೇಜ್ ಎಕಾನಮಿ'ಯಲ್ಲಿ ಬೇಕಾದ ಪಾತ್ರೆಗಳ ಪಟ್ಟಿಯೇ ಇದೆ. ಪಟ್ಟಿಯ ಮೊದಲ ವಸ್ತು ತಾಮ್ರದ ಹಂಡೆ. ನಮ್ಮ ಬಚ್ಚಲುಮನೆಯ ಹಂಡೆಯಂತೆ ಅದನ್ನೂ ಒಲೆಯ ಮೇಲೆ ಕಟ್ಟಿ ಕೂರಿಸುತ್ತಿದ್ದರು. ಲೋಹದ ಹೆಸರೇ ಪಾತ್ರೆಗೂ ಅಂಟಿ, ಅಲ್ಲಿ ಅದನ್ನು 'ಕಾಪರ್' ಎಂದೇ ಕರೆಯುತ್ತಿದ್ದರು. 36 ಗ್ಯಾಲನ್ ಸೌಮ್ಯ ಬಿಯರಿಗೆ ಕನಿಷ್ಠ 40 ಗ್ಯಾಲನ್ ಹಿಡಿಯುವ ಹಂಡೆ ಬೇಕು, ಏಕೆಂದರೆ ಹಾಪ್‌ಗೂ ಆವಿಯಾಗಿ ಹೋಗುವ ದ್ರವಕ್ಕೂ ಜಾಗವಿರಬೇಕು ಎಂದು ಅವನು ಲೆಕ್ಕ ಹಾಕಿದ್ದ. ಅಂದಿನ ಏಲ್ ಗ್ಯಾಲನ್ ಸುಮಾರು 4.6 ಲೀಟರ್. ಹಾಗಾಗಿ 166 ಲೀಟರ್ ಬಿಯರಿಗೆ 185 ಲೀಟರಿನ ಹಂಡೆ.

ಈಗ ನೀವು ಯೋಚಿಸಿ. ಅಡುಗೆಮನೆಯಲ್ಲಿ 5 ಲೀಟರ್ ತಯಾರಿಸುವವನು ಇದೇ ಪ್ರಮಾಣ ಹಿಡಿದು ಐದೂವರೆ ಲೀಟರಿನ ಪಾತ್ರೆ ತಂದರೆ ಸಾಕೇ?

ಸಾಲದು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2257 ಕಿಲೋಜೌಲ್ ಗುಪ್ತೋಷ್ಣ ಬೇಕು. ಕುದಿಯುವ ನೀರಿಗೆ ಒಂದು ಕಿಲೋವಾಟ್ ಶಾಖ ನಿವ್ವಳವಾಗಿ ಸೇರುತ್ತಿದ್ದರೆ ಗಂಟೆಗೆ 3600 ಕಿಲೋಜೌಲ್. ಅಂದರೆ ಗಂಟೆಗೆ ಸುಮಾರು 1.6 ಲೀಟರ್ ನೀರು ಆವಿಯಾಗುತ್ತದೆ. ಪಾತ್ರೆಯಲ್ಲಿ ಎಷ್ಟು ನೀರಿದೆ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ! 166 ಲೀಟರಿನಲ್ಲಿ 1.6 ಲೀಟರ್ ಹೋದರೆ ಶೇಕಡ ಒಂದು. 5 ಲೀಟರಿನಲ್ಲಿ ಹೋದರೆ ಮೂರನೆಯ ಒಂದು ಭಾಗ.

ದೊಡ್ಡ ಹಂಡೆಗೆ ದೊಡ್ಡ ಬೆಂಕಿ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಆದರೆ ಹಂಡೆಯ ಆಕಾರವನ್ನು ಹಾಗೇ ಉಳಿಸಿ ಗಾತ್ರವನ್ನು 37 ಪಟ್ಟು ಹಿಗ್ಗಿಸಿದರೆ, ಬೆಂಕಿ ತಾಗುವ ತಳದ ವಿಸ್ತೀರ್ಣ ಹಿಗ್ಗುವುದು ಸುಮಾರು 11 ಪಟ್ಟು ಮಾತ್ರ. ಪ್ರತಿ ಲೀಟರಿನ ಪಾಲಿಗೆ ಬರುವ ಬೆಂಕಿ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ 5 ಲೀಟರ್ ಉಳಿಯಬೇಕಾದರೆ ಆರೂವರೆ ಲೀಟರಿನಷ್ಟರಿಂದ ಆರಂಭಿಸಬೇಕು. ಕುದಿ ಹತ್ತುವಾಗ ಪ್ರೋಟೀನುಗಳು ಹೆಪ್ಪುಗಟ್ಟಿ ನೊರೆ ಹಾಲಿನಂತೆ ಉಕ್ಕಿ ಬರುತ್ತದೆ. ಅದಕ್ಕೂ ಜಾಗ ಬಿಟ್ಟರೆ 9-10 ಲೀಟರಿನ ಪಾತ್ರೆ ಬೇಕು. ಹಾಗೆಂದು 30 ಲೀಟರಿನದನ್ನು ತರುವುದೂ ತಪ್ಪು. ಅಗಲವಾದ ತಳದಲ್ಲಿ ರಸ ತೆಳುವಾಗಿ ನಿಂತು, ಹೆಚ್ಚು ಜ್ವಾಲೆ ತಾಗಿ, ಬೇಗ ಬತ್ತಿ ತಳ ಹಿಡಿಯುತ್ತದೆ. ಮಂಡ್ಯದ ಆಲೆಮನೆಗಳಲ್ಲಿ ಕಬ್ಬಿನ ಹಾಲು ಬತ್ತಬೇಕೆಂದೇ ಕೊಪ್ಪರಿಗೆಯನ್ನು ಅಗಲವಾಗಿ ಮಾಡಿರುತ್ತಾರೆ. ಬಿಯರಿನವನಿಗೆ ಬೇಕಾದದ್ದು ಇದಕ್ಕೆ ವಿರುದ್ಧ.

ಕಾಬೆಟ್‌ನ ಉತ್ಸಾಹ ಹೆಚ್ಚು ಕಾಲ ಗೆಲ್ಲಲಿಲ್ಲ. 1880ರಲ್ಲಿ ಮಾಲ್ಟ್ ತೆರಿಗೆ ರದ್ದಾಗಿ ಬಿಯರಿನ ಮೇಲೆ ಸುಂಕ ಬಂದಾಗ, ಬ್ರಿಟನ್ನಿನಲ್ಲಿ ಮನೆಯವರೂ ಪರವಾನಗಿ ಪಡೆಯಬೇಕಾಯಿತು. ಅದು ರದ್ದಾದದ್ದು 1963ರಲ್ಲಿ. ಅಮೆರಿಕದಲ್ಲಿ 1978ರ ಕಾನೂನಿನ ಫಲವಾಗಿ 1979ರಿಂದ ಮನೆಬಳಕೆಯ ಬಿಯರಿಗೆ ಕೇಂದ್ರ ಸರ್ಕಾರದ ತೆರಿಗೆ ವಿನಾಯಿತಿ ಸಿಕ್ಕಿತು. ಹಂಡೆಯ ಪ್ರಶ್ನೆ ಮತ್ತೆ ಅಡುಗೆಮನೆಗೆ ಮರಳಿತು.

ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ. ಶಾಲೆಯ ಪ್ರಯೋಗಕ್ಕೆ ಅದು ಬೇಕಾಗಿಯೂ ಇಲ್ಲ, ನೀರು ಸಾಕು. ಒಂದೇ ಪಾತ್ರೆಯಲ್ಲಿ ಮೊದಲು 1 ಲೀಟರ್, ಅನಂತರ 2 ಲೀಟರ್ ನೀರನ್ನು ಅದೇ ಉರಿಯಲ್ಲಿ ಕುದಿಸಿ. ಕುದಿ ಬಂದ ಮೇಲೆ ಸರಿಯಾಗಿ 15 ನಿಮಿಷ ಬಿಟ್ಟು ಇಳಿಸಿ, ಆರಿದ ಮೇಲೆ ಉಳಿದ ನೀರನ್ನು ಅಳೆಯಿರಿ. ಎರಡು ಸಲವೂ ಕಡಿಮೆಯಾದ ನೀರು ಹೆಚ್ಚುಕಡಿಮೆ ಒಂದೇ ಇರುತ್ತದೆ. ಅದರಿಂದ, ನಿಮ್ಮ ಒಲೆ ನೀರಿಗೆ ನಿಜವಾಗಿ ಎಷ್ಟು ವಾಟ್ ಶಾಖ ಕೊಡುತ್ತಿದೆ ಎಂಬುದನ್ನೂ ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು.